ಕುಡಿತ ಬಿಡಿಸಲು ಎಲ್ಲಿಗೆ ಹೋಗಬೇಕು? ಶಿವಮೊಗ್ಗ, ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಅಡಿಕೆ ಕೊನೆ (ಗೊನೆ) ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಇಂಥ ಫೋನ್ ಜಾಸ್ತಿ. ಮೊದಲು ಅಡಿಕೆ ರೇಟು, ಮಂಗನ ಕಾಟ. ಆಮೇಲೆ ದನಿ ತಗ್ಗಿಸಿ, "ಅಲ್ಲ ಮಾರಾಯ, ನಿಮ್ ಚಿಕ್ಕಪ್ಪನ್ನ ಎಲ್ಲಿಗೆ ಸೇರಿಸಿದ್ರಿ? ಒಂದೊಳ್ಳೆ ಸೆಂಟರ್ ಇದ್ರೆ ಹೇಳು." ಕೇಳುವವರ ಮನಸ್ಸಿನಲ್ಲಿರುವುದು ಒಂದು ಗೇಟು, ಒಂದು ಬೀಗ, ಮೂರು ತಿಂಗಳು. ನಾವೂ ಮೊದಲು ಹುಡುಕಿದ್ದು ಅದನ್ನೇ. ದೂರದ ನಗರವೊಂದರ ಹೊರವಲಯದ ಕೇಂದ್ರಕ್ಕೆ ಮೂರು ತಿಂಗಳ ದುಡ್ಡು ಮುಂಗಡ ಕಟ್ಟಿ ಬಂದೆವು. ತಲೆ ಬೋಳಿಸಿಕೊಂಡು, ಸೊರಗಿ ಕಡ್ಡಿಯಾಗಿ ವಾಪಸು ಬಂದ ಚಿಕ್ಕಪ್ಪ ನಾಲ್ಕನೇ ದಿನ ಸಂಜೆ ಪೇಟೆಗೆ ಹೋಗಿ ಬಂದರು. ವಾಸನೆ ಜಗುಲಿಯವರೆಗೂ ಬಂತು. ಆ ಕೇಂದ್ರದವರು ಒಂದು ಮಾತ್ರೆ ಚೀಟಿ ಕೊಟ್ಟಿರಲಿಲ್ಲ, ಮುಂದೆ ಯಾರನ್ನು ಕಾಣಬೇಕೆಂದೂ ಹೇಳಿರಲಿಲ್ಲ.

ಕಡೆಗೆ ನಮ್ಮ ಕೈ ಹಿಡಿದದ್ದು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಾದ ಒಂದು ಒಪಿಡಿ, ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗ. ಹಾಗಾಗಿ ಈ ಬರಹದ ದಾರಿಯೂ ಹತ್ತಿರದಿಂದ ದೂರಕ್ಕೆ. ಕುಡಿತದ ಚಿಕಿತ್ಸೆ ಬಿಪಿ, ಶುಗರ್ ಚಿಕಿತ್ಸೆಯ ಹಾಗೆ ವರ್ಷಗಟ್ಟಲೆ ಓಡಾಟ ಬೇಡುತ್ತದೆ. ಓಡಾಡಲು ಆಗದಷ್ಟು ದೂರದ ಜಾಗ ಎಷ್ಟು ಒಳ್ಳೆಯದಿದ್ದರೂ ಎರಡನೇ ತಿಂಗಳಿಗೆ ನಿಂತುಹೋಗುತ್ತದೆ.

ಹೊರಡುವ ಮೊದಲು ಒಂದು ಹಾಳೆ

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು (ಕ್ವಾರ್ಟರ್ ಅಂದರೆ 180 ಎಂಎಲ್, ಪ್ಯಾಕೆಟ್ಟಾದರೆ ತೊಂಬತ್ತರದ್ದೋ ನೂರ ಎಂಬತ್ತರದ್ದೋ ನೋಡಿ), ಎಷ್ಟು ವರ್ಷದಿಂದ, ದಿನದ ಮೊದಲ ಗುಟುಕು ಎಷ್ಟು ಹೊತ್ತಿಗೆ. ಹಿಂದೆ ಬಿಟ್ಟಾಗ ಕೈ ನಡುಗಿತ್ತೇ, ಫಿಟ್ಸ್ ಬಂದಿತ್ತೇ, ಇಲ್ಲದ್ದೆಲ್ಲ ಕಂಡಿತ್ತೇ. ಕಾಮಾಲೆ, ರಕ್ತವಾಂತಿ, ಬಿದ್ದು ತಲೆಗೆ ಪೆಟ್ಟು ಆಗಿತ್ತೇ. ಬಿಪಿ, ಶುಗರ್ ಮಾತ್ರೆ ಇದೆಯೇ. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಗಾಂಜಾ ಜೊತೆಗಿದೆಯೇ. ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ ಎನ್ನುವುದನ್ನು ಮಾತ್ರ ಹೊರಡುವ ದಿನವೇ ಬರೆಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಈ ಲೆಕ್ಕ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಚಿಕ್ಕಪ್ಪ ಡಾಕ್ಟರ ಮುಂದೆ "ದಿನಾ ಒಂದು ನೈಂಟಿ ಅಷ್ಟೇ" ಅಂದರು. ಚಿಕ್ಕಮ್ಮ ಮಾತಾಡದೆ ಹಾಳೆ ಮುಂದಿಟ್ಟರು. ಅದರಲ್ಲಿ ಕೊಟ್ಟಿಗೆ ಹಿಂದೆ ಸಿಕ್ಕ ಖಾಲಿ ಪ್ಯಾಕೆಟ್ಟುಗಳ ಹದಿನೈದು ದಿನದ ಲೆಕ್ಕವಿತ್ತು.

ಮನೆಯಲ್ಲೇ ತಟ್ಟನೆ ಬಿಡಿಸಲು ಹೋಗಬೇಡಿ

ಈ ಭಾಗವೊಂದನ್ನು ಎರಡು ಸಲ ಓದಿ. ದಿನವೂ ಬೆಳಿಗ್ಗೆಯಿಂದಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ದೇಹ ತಿರುಗಿ ಬೀಳುತ್ತದೆ. ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ನಿದ್ದೆಗೇಡು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿಯಂಥ ಸ್ಥಿತಿ: ಗೋಡೆ ಮೇಲೆ ಹುಳ ಕಾಣುತ್ತದೆ, ಮನೆಯವರ ಗುರುತು ಹತ್ತುವುದಿಲ್ಲ, ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣ ಹೋಗುವುದೂ ಉಂಟು. ಊರಲ್ಲಿ ಇದನ್ನು ಗಾಳಿ ಸೋಕಿದ್ದು ಎಂದು ತಿಳಿದು ತಾಯತ ಕಟ್ಟಿಸಲು ಓಡುತ್ತಾರೆ.

ಇದು ನಮ್ಮಲ್ಲಿ ಹೆಚ್ಚು ಕಾಣುವುದು ಅಯ್ಯಪ್ಪನ ಮಾಲೆ ಹಾಕುವ ಕಾಲದಲ್ಲಿ. ಹಿಂದಿನ ರಾತ್ರಿಯವರೆಗೂ ಕುಡಿದು ಬೆಳಿಗ್ಗೆ ಮಾಲೆ ಹಾಕಿದವರಿಗೆ ಮೂರನೇ ದಿನ ಹೀಗಾದರೆ ಅದು ವ್ರತಭಂಗದ ಫಲವಲ್ಲ, ಮೆದುಳು ಮದ್ಯಕ್ಕೆ ಒಗ್ಗಿಹೋಗಿದ್ದರ ಫಲ. ಸಿಗಂದೂರಿನಲ್ಲಿ ಆಣೆ ಮಾಡಿಸುವವರಿಗೂ ಇದೇ ಮಾತು. ಆಣೆ ಬೇಡ ಅನ್ನುತ್ತಿಲ್ಲ. ಆಣೆಗೆ ವಾರದ ಮೊದಲು ಡಾಕ್ಟರನ್ನು ಕಾಣಿಸಿ. ಹಿಂದೆ ಫಿಟ್ಸ್ ಬಂದಿದ್ದರೆ, ಬೆಳಗಿನ ನಡುಕಕ್ಕೇ ಕುಡಿಯುವವರಾದರೆ, ಬೇರೆ ದೊಡ್ಡ ಕಾಯಿಲೆಯಿದ್ದರೆ ಅಡ್ಮಿಟ್ ಆಗಿಯೇ ಬಿಡಬೇಕು. ಮಿಕ್ಕ ಕೆಲವರಿಗೆ ಡಾಕ್ಟರು ಮಾತ್ರೆ ಕೊಟ್ಟು ಮನೆಯಲ್ಲೇ ಬಿಡಿಸುವುದೂ ಇದೆ. ಅದನ್ನು ತೀರ್ಮಾನಿಸುವವರು ಅವರು.

ಫಿಟ್ಸ್ ಬಂದರೆ, ಮಾತು ತೊದಲಿ ತಲೆ ಕೆಟ್ಟವರಂತೆ ಆಡಿದರೆ 108ಕ್ಕೆ ಫೋನ್ ಮಾಡಿ, ಯಾವುದಾದರೂ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿಸಿ. ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡ ಹತ್ತಬೇಕಾದ ಊರಿನವರು ಆ ನಾಲ್ಕು ದಿನ ಒಂದು ಜೀಪನ್ನೋ ಆಟೋವನ್ನೋ ಹೇಳಿಟ್ಟುಕೊಂಡಿರಿ.

ಇನ್ನೊಂದು ವಿಷಯ. ನಮ್ಮಲ್ಲಿ ಯಾರಾದರೂ ಸುಸ್ತಾಗಿ ಬಿದ್ದರೆ "ಒಂದು ಗ್ಲೂಕೋಸ್ ಹಾಕಿಸ್ಕೊಂಡ್ ಬಾ" ಅನ್ನುವುದು ರೂಢಿ. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ವಿಟಮಿನ್ ಬಿ1, ಅಂದರೆ ಥಯಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಮೆದುಳಿಗೇ ಏಟು ಬೀಳಬಹುದು. ನಾಚಿಕೆ ಪಟ್ಟುಕೊಳ್ಳದೆ ಯಾವ ಕ್ಲಿನಿಕ್ಕಿಗೆ ಹೋದರೂ "ಇವರು ದಿನಾ ಕುಡೀತಾರೆ" ಎಂದು ಮೊದಲೇ ಹೇಳಿ.

ಮೊದಲ ಫೋನ್

ಊರಿನವರ ಕಣ್ಣಿಗೆ ಬೀಳದೆ ಮಾಡಬಹುದಾದ ಕೆಲಸ ಇದು. 14416 ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. 14446 ನಶಾಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಸಾಮಾಜಿಕ ನ್ಯಾಯ ಸಚಿವಾಲಯದ್ದು. ಎರಡೂ ಕಡೆ ಸುಮ್ಮನೆ ಗೋಳು ಹೇಳಿಕೊಂಡು ಫೋನ್ ಇಡಬೇಡಿ. "ನಮ್ಮದು ಹೊಸನಗರ ತಾಲ್ಲೂಕು, ಮನೋವೈದ್ಯರು ಹತ್ತಿರದಲ್ಲಿ ಎಲ್ಲಿ ಸಿಗ್ತಾರೆ? ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ಪುನರ್ವಸತಿ ಕೇಂದ್ರ ಯಾವ ಊರಲ್ಲಿದೆ?" ಎಂದು ನೇರ ಕೇಳಿ, ಬರೆದುಕೊಳ್ಳಿ. ಕುಡಿಯುವವರು ಒಪ್ಪದೆ ಇದ್ದರೂ ಮನೆಯವರು ಫೋನ್ ಮಾಡಬಹುದು.

ತಾಲ್ಲೂಕು ಆಸ್ಪತ್ರೆ, ಆಮೇಲೆ ಮೆಗ್ಗಾನ್

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದಿದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ರಾಜ್ಯದ ಬಳ್ಳಾರಿಯಲ್ಲಿ. ಕರ್ನಾಟಕದಲ್ಲಿ ಇದರ ಜೊತೆಗೆ ಮನೋಚೈತನ್ಯ ಎಂಬ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆಯಾಯಿತು. ಸಾಗರ, ಸೊರಬ, ಶಿಕಾರಿಪುರ, ತೀರ್ಥಹಳ್ಳಿ, ಹೊಸನಗರ, ಭದ್ರಾವತಿ, ನಿಮ್ಮದು ಯಾವುದೇ ಇರಲಿ, ಈ ತಿಂಗಳು ಯಾವ ಮಂಗಳವಾರ ಬರುತ್ತಾರೆಂದು ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಊರಿಗೆಲ್ಲ ಸುದ್ದಿಯಾಗುತ್ತದೆಂಬ ಹೆದರಿಕೆಯಿದ್ದರೆ ಪಕ್ಕದ ತಾಲ್ಲೂಕಿಗೆ ಹೋಗಿ, ಯಾರೂ ತಡೆಯುವುದಿಲ್ಲ.

ಅಡ್ಮಿಟ್ ಆಗಬೇಕಾದರೆ ಶಿವಮೊಗ್ಗದ ಮೆಗ್ಗಾನ್. ಶಿವಮೊಗ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ, ನಾವೆಲ್ಲ ಸಿಮ್ಸ್ ಅನ್ನುವುದಕ್ಕೆ, ಸೇರಿದ ಬೋಧನಾ ಆಸ್ಪತ್ರೆ ಅದು. ಮನೋವೈದ್ಯಕೀಯ ವಿಭಾಗವಿದೆ. ಲಿವರ್, ಹೃದಯ ಏನಾದರೂ ಕೈಕೊಟ್ಟರೆ ನೋಡುವವರು ಅದೇ ಆವರಣದಲ್ಲಿ ಸಿಗುತ್ತಾರೆ ಎನ್ನುವುದು ದೊಡ್ಡ ಅನುಕೂಲ.

ಮೊದಲ ಬಸ್ಸಿಗೇ ಹೊರಡಿ. ಚೀಟಿಯ ಸಾಲು ಉದ್ದ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಆ ಹಾಳೆ, ಒಂದು ಜೊತೆ ಬಟ್ಟೆ, ಕಂಬಳಿ ಇರಲಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಜೊತೆಗೆ ಒಬ್ಬರು ಉಳಿಯಲೇಬೇಕು, ಅದಕ್ಕೆ ಆಳು ಗೊತ್ತು ಮಾಡಿಕೊಂಡೇ ಹೊರಡಿ. ನಾವು ಮೊದಲ ಸಲ ವಾಪಸು ಬಂದದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಹಾಲು ಕರೆಯುವವರಿರಲಿಲ್ಲ.

ಒಳಗೆ ನಡೆಯುವುದು ಸರಳ. ರಕ್ತ ಪರೀಕ್ಷೆ, ಲಿವರ್ ಪರೀಕ್ಷೆ. ನಡುಕ, ಫಿಟ್ಸ್ ತಡೆಯಲು ಲೋರಾಜೆಪಾಮ್ ಅಥವಾ ಡಯಾಜೆಪಾಮ್ ಗುಂಪಿನ ಔಷಧಿ, ದಿನದಿಂದ ದಿನಕ್ಕೆ ಇಳಿಸುತ್ತಾ ಹೋಗುತ್ತಾರೆ. ಥಯಮಿನ್ ಇಂಜೆಕ್ಷನ್. ಸಾಮಾನ್ಯವಾಗಿ ವಾರ, ಹತ್ತು ದಿನ. ಆ ಮೇಲೆ ಕುಡಿಯುವ ಆಸೆ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್‌ನಂಥ ಮಾತ್ರೆ ಇವೆ. ಯಾರಿಗೆ ಯಾವುದು ಎನ್ನುವುದು ಲಿವರ್, ಕಿಡ್ನಿ ನೋಡಿಕೊಂಡು. ಡಿಸ್ಚಾರ್ಜ್ ದಿನ "ಯಾವ ಮಾತ್ರೆ ಎಷ್ಟು ತಿಂಗಳು, ಮತ್ತೆ ಯಾವತ್ತು ಬರಬೇಕು, ಕುಡಿದುಬಿಟ್ಟರೆ ಮಾತ್ರೆ ಏನು ಮಾಡಬೇಕು" ಎಂಬ ಮೂರನ್ನೂ ಬರೆಸಿಕೊಂಡೇ ಮೆಟ್ಟಿಲಿಳಿಯಿರಿ.

ಖಾಸಗಿ ಕಡೆ ಹೋಗುವುದಾದರೆ

ಮನೋವೈದ್ಯರ ಹತ್ತಿರ ಹೋಗುವುದನ್ನು ಶಿವಮೊಗ್ಗದಲ್ಲಿ ಒಂದು ಮಾಮೂಲಿ ಸಂಗತಿ ಮಾಡಿದವರು 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ. ಅವರು ಕಟ್ಟಿದ ಮಾನಸ ಆಸ್ಪತ್ರೆಯ ಹೆಸರನ್ನು ನಮ್ಮ ಕಡೆ ಕೇಳದವರು ಕಡಿಮೆ. ನಗರದಲ್ಲಿ ಬೇರೆ ಮನೋವೈದ್ಯರೂ ಇದ್ದಾರೆ. ಮನೋವೈದ್ಯರಿರುವ ಆಸ್ಪತ್ರೆಗೂ ಬರೀ ಬೋರ್ಡು ಹಾಕಿಕೊಂಡ "ವ್ಯಸನಮುಕ್ತಿ ಕೇಂದ್ರ"ಕ್ಕೂ ಇರುವ ಅಂತರ ಮಾತ್ರ ನೆನಪಿರಲಿ. ನಾವು ಎಡವಿದ್ದು ಅಲ್ಲೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ, ಮಾದಕ ವಸ್ತುಗಳಿಂದ ಆಗುವ ಮಾನಸಿಕ ತೊಂದರೆಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಕೂಲಿಯಿಲ್ಲದೆ ದುಡಿಸುವಂತಿಲ್ಲ. ನನಗೆ ಇದು ತಿಳಿದದ್ದು ಚಿಕ್ಕಪ್ಪನ ಕೂದಲು ಮತ್ತೆ ಬೆಳೆದ ಮೇಲೆ.

ದುಡ್ಡು ಕಟ್ಟುವ ಮೊದಲು ಖುದ್ದಾಗಿ ಹೋಗಿ ನೋಡಿ. ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ಯಾವತ್ತು ಬಂದು ನೋಡಬಹುದು, ಮಧ್ಯದಲ್ಲಿ ಬಿಡಿಸಿಕೊಂಡು ಹೋದರೆ ಮುಂಗಡ ವಾಪಸು ಬರುತ್ತದೆಯೇ ಎಂದು ಕೇಳಿ. ಮಲಗುವ ಕೋಣೆ, ಅಡುಗೆ ಮನೆ, ಪಾಯಿಖಾನೆ ನೋಡಿ. "ಒಂದು ತಿಂಗಳು ಮನೆಯವರು ಬರಂಗಿಲ್ಲ, ಫೋನೂ ಇಲ್ಲ" ಅಂದರೆ ಅಲ್ಲಿಂದಲೇ ಹಿಂತಿರುಗಿ. "ಗಾಡಿ ಕಳಿಸ್ತೀವಿ, ನಮ್ಮ ಹುಡುಗರೇ ಎತ್ತಾಕ್ಕೊಂಡ್ ಬರ್ತಾರೆ" ಅನ್ನುವವರು, ನೂರಕ್ಕೆ ನೂರು ಗ್ಯಾರಂಟಿ ಕೊಡುವವರು ಇಬ್ಬರೂ ಒಂದೇ ಜಾತಿ.

ಇಷ್ಟವಿಲ್ಲದವರನ್ನು ಸೇರಿಸಲು ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ, ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಿದ್ದರೆ, ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರು, ಅರ್ಜಿ ಕೊಟ್ಟು, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಿದರೆ 30 ದಿನದವರೆಗೆ ಸೇರಿಸಬಹುದು. ತಾವಾಗಿಯೇ ಸೇರಿದವರು ಬಿಡಿ ಅಂದರೆ ಬಿಡಬೇಕು. ಪರೀಕ್ಷೆಗೆಂದು ಹೆಚ್ಚೆಂದರೆ 24 ಗಂಟೆ ಹಿಡಿದಿಡಬಹುದು.

ಘಟ್ಟ ಇಳಿಯಬೇಕೇ, ಬೆಂಗಳೂರಿಗೆ ಹೋಗಬೇಕೇ

ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಅನುಕೂಲ. ಸೊರಬ, ಶಿಕಾರಿಪುರದವರು ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಯೋಚಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಹತ್ತಿರದಲ್ಲಿ ಎರಡು ಮೂರು ಸಲ ಪ್ರಯತ್ನಿಸಿಯೂ ಆಗದವರು, ಜೊತೆಗೆ ಬೇರೆ ಮಾನಸಿಕ ಕಾಯಿಲೆ ಇರುವವರು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿದೆ. ಎಲ್ಲಿಗೇ ಹೋದರೂ ಬರುವಾಗ ಶಿವಮೊಗ್ಗದ ಡಾಕ್ಟರಿಗೆ ಒಂದು ಪತ್ರ ಬರೆಸಿಕೊಂಡು ಬನ್ನಿ. ಜುಲೈ ಮಳೆಯಲ್ಲಿ ತಿಂಗಳ ಮಾತ್ರೆಗೆಂದು ಆಗುಂಬೆ ಘಾಟಿ ಇಳಿದು ಹತ್ತುವುದು ಎಷ್ಟು ದಿನ ನಡೆದೀತು?

ಶಿಬಿರ ಮತ್ತು ಎಎ ಸಭೆ

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನಮ್ಮ ಕಡೆಯೂ ಆಗುತ್ತಿರುತ್ತದೆ. ಎಂಟು ದಿನ, ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ. ಬಿಟ್ಟವರಿಗೆ ಆಮೇಲೆ ನವಜೀವನ ಸಮಿತಿ. ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿ ಅವರದೇ ವ್ಯಸನಮುಕ್ತಿ ಕೇಂದ್ರವಿದೆ. ನಿಮ್ಮ ಊರಿನ ಸ್ವಸಹಾಯ ಸಂಘದ ಸೇವಾಪ್ರತಿನಿಧಿಗೆ ದಿನಾಂಕ ಗೊತ್ತಿರುತ್ತದೆ. ಶಿಬಿರದ ಶಕ್ತಿ ಇರುವುದು ಊರು ನೋಡುತ್ತಿದೆ ಎನ್ನುವುದರಲ್ಲಿ, ಜೊತೆಗೆ ನಲವತ್ತೈವತ್ತು ಜನ ಅದೇ ದಾರಿಯಲ್ಲಿದ್ದಾರೆ ಎನ್ನುವುದರಲ್ಲಿ. ಹಿಂದೆ ಫಿಟ್ಸ್ ಬಂದವರು ಮಾತ್ರ ಮೊದಲು ಆಸ್ಪತ್ರೆ ಮುಗಿಸಿ ಆಮೇಲೆ ಶಿಬಿರಕ್ಕೆ ಹೋಗಲಿ. ನಮ್ಮಲ್ಲಿ ಎಷ್ಟೋ ಮನೆಯವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಫೀಸು ಇಲ್ಲ, ಹೆಸರು ಕೇಳುವುದಿಲ್ಲ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಸಭೆ ಇದೆ. ಕನ್ನಡದ ಸಭೆಗಳನ್ನು ಈಗ ಫೋನಿನಲ್ಲೇ ಸೇರಬಹುದು, ನೆಟ್‌ವರ್ಕ್ ಕೃಪೆಯಿದ್ದರೆ.

ಗಾಂಜಾ, ಮಾತ್ರೆ, ಹಾಸ್ಟೆಲ್ ಹುಡುಗರು

ಶುಂಠಿ, ಜೋಳದ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿ ನಮ್ಮ ಪೇಪರಿಗೆ ಹೊಸದಲ್ಲ. ಮಗ ಸೇದುತ್ತಿದ್ದಾನೆಂದು ಗೊತ್ತಾದ ತಂದೆತಾಯಿಗೆ ಮೊದಲ ಭಯ ಪೊಲೀಸರದ್ದು. ಚಿಕಿತ್ಸೆಗೆ ಹೋದರೆ ಆಸ್ಪತ್ರೆಯವರು ಹಿಡಿದುಕೊಡುತ್ತಾರೆ ಎಂಬುದು ಸುಳ್ಳು. ರೋಗಿಯ ವಿಷಯ ಗುಟ್ಟಾಗಿಡುವುದು ಅವರ ಕರ್ತವ್ಯ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಕಡೆ ಚಿಕಿತ್ಸೆ ಪಡೆದು ಪೂರ್ತಿ ಮಾಡಿದರೆ ಆ ಕೇಸಿನ ವಿಚಾರಣೆಯಿಂದ ರಕ್ಷಣೆಯಿದೆ. ವಕೀಲರನ್ನು ಕೇಳಿಕೊಂಡು ಮುಂದುವರಿಯಿರಿ.

ಗಾಂಜಾ ಬಿಟ್ಟಾಗ ನಿದ್ದೆ ಬರುವುದಿಲ್ಲ, ಸಿಟ್ಟು, ಹಸಿವಿಲ್ಲ. ಒಂದೆರಡು ವಾರ ಕಾಡಿ ಇಳಿಯುತ್ತದೆ. ಯಾರೋ ಬೆನ್ನಟ್ಟುತ್ತಿದ್ದಾರೆ, ಕಿವಿಯಲ್ಲಿ ಮಾತು ಕೇಳುತ್ತದೆ ಎಂದು ಹುಡುಗ ಹೇಳತೊಡಗಿದರೆ ಅವತ್ತೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ನಿದ್ದೆ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದವರು ತಟ್ಟನೆ ನಿಲ್ಲಿಸಬಾರದು, ಅದಕ್ಕೂ ಫಿಟ್ಸ್ ಬರುತ್ತದೆ. ಅಫೀಮಿನ ಜಾತಿಯ ಮಾತ್ರೆ, ಇಂಜೆಕ್ಷನ್ ಆದರೆ ಬುಪ್ರೆನಾರ್ಫಿನ್ ಎಂಬ ಔಷಧಿ ಇದೆ. ಅದು ಎಲ್ಲ ಕಡೆ ಕೊಡುವಂಥದ್ದಲ್ಲ, ಜಿಲ್ಲಾ ಆಸ್ಪತ್ರೆಯಲ್ಲೋ 14446ರಲ್ಲೋ ವಿಚಾರಿಸಿ.

ಒಪ್ಪದವರನ್ನು ಒಪ್ಪಿಸುವುದು

ಕುಡಿದಾಗ ಮಾತಾಡಬೇಡಿ. ಬೆಳಿಗ್ಗೆ ತಿಂಡಿಯಾದ ಮೇಲೆ ಒಬ್ಬರೇ ಮಾತಾಡಿ, ಅವರು ಮರ್ಯಾದೆ ಕೊಡುವವರು ಯಾರೋ ಅವರು. ನಮ್ಮ ಮನೆಯಲ್ಲಿ ಅದು ಅಜ್ಜಿಯೂ ಅಲ್ಲ, ಅಪ್ಪನೂ ಅಲ್ಲ. ಚಿಕ್ಕಪ್ಪನ ಜೊತೆ ಕೊನೆ ತೆಗೆಯುತ್ತಿದ್ದ ಹಳೆಯ ಗೆಳೆಯ. ಆತ ಕುಡಿತದ ಮಾತೇ ಎತ್ತಲಿಲ್ಲ. "ಕೈ ಹಿಂಗ್ ನಡುಗ್ತದಲ, ಮರ ಹತ್ತೋದ್ ಹೆಂಗೆ? ನಿದ್ದೆಗೂ ಒಂದು ಮಾತ್ರೆ ಕೇಳ್ಕಂಡ್ ಬರಾಣ, ಬಾ" ಅಂದ. ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡರು. "ಕೊನೆ ಮುಗೀಲಿ", "ಮದುವೆ ಕಳೀಲಿ" ಎನ್ನುವ ಮಾತಿಗೆ ಮನೆಯವರೇ ಮೊದಲು ಸೋಲುತ್ತೇವೆ. ನಾವು ಎರಡು ಕೊಯ್ಲು ಹಾಗೆಯೇ ಕಳೆದೆವು.

ಊಟದಲ್ಲಿ ಗೊತ್ತಿಲ್ಲದಂತೆ ಪುಡಿ ಬೆರೆಸಿ ಕುಡಿತ ಬಿಡಿಸುತ್ತೇವೆನ್ನುವ ಜಾಹೀರಾತು ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ನೋಡಿರುತ್ತೀರಿ. ಆ ಪುಡಿಯಲ್ಲೇನಿದೆ ಎಂದು ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯವಿರುತ್ತದೆ. ತಿಳಿದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತಗೊಳ್ಳುವವರಿಗೆ ಮಾತ್ರ ಅದು ಔಷಧಿ.

ಹೊಡೆತ ಬಡಿತವಿರುವ ಮನೆಯಲ್ಲಿ ಹೆಂಗಸರು ಕುಡಿಯುವವರು ಬದಲಾಗಲಿ ಎಂದು ಕಾಯಬೇಕಾಗಿಲ್ಲ. 181 ಮಹಿಳಾ ಸಹಾಯವಾಣಿ, 112 ಪೊಲೀಸ್.

ಮನೆಗೆ ಬಂದ ಮೇಲೆ

ಸರ್ಕಾರ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು. ಆದರೆ ಬೇರೆ ಮದ್ಯದ ಪ್ಯಾಕೆಟ್ಟು ಗೂಡಂಗಡಿಯ ಹಿಂಬದಿಗೂ ಬಂದು ಕೂತಿದೆ. ಆದ್ದರಿಂದ ಮೊದಲ ಮೂರು ತಿಂಗಳು ಸಂಜೆ ಆರರಿಂದ ಎಂಟರ ಹೊತ್ತನ್ನು ತುಂಬುವುದೇ ದೊಡ್ಡ ಕೆಲಸ. ಚಿಕ್ಕಪ್ಪ ಡೇರಿಗೆ ಹಾಲು ಹಾಕುವ ಪಾಳಿಯನ್ನು ಬೆಳಗಿನಿಂದ ಸಂಜೆಗೆ ಬದಲಿಸಿಕೊಂಡರು. ಅಡಿಕೆ ಮಾರಿದ ದುಡ್ಡು ಆರು ತಿಂಗಳು ಚಿಕ್ಕಮ್ಮನ ಖಾತೆಗೆ ಹೋಯಿತು, ಚಿಕ್ಕಪ್ಪನೇ ಒಪ್ಪಿ ಮಾಡಿದ್ದು. ಕೂಲಿಯವರಿಗೆ ಸಂಜೆ "ಎಣ್ಣೆ" ಕೊಡಿಸುವ ಪದ್ಧತಿಯಿರುವ ತೋಟದ ಮಾಲೀಕರು ಆ ದುಡ್ಡನ್ನು ಸಂಬಳಕ್ಕೇ ಸೇರಿಸಿ ಕೊಟ್ಟರೆ ಬಿಟ್ಟವನಿಗೆ ಅಷ್ಟರ ಮಟ್ಟಿಗೆ ಸಲೀಸು.

ಮತ್ತೆ ಕುಡಿಯುತ್ತಾರೆ, ಹೆಚ್ಚಿನವರು ಒಮ್ಮೆಯಾದರೂ. ಅವತ್ತು ಹೊಸ ಸೆಂಟರ್ ಹುಡುಕಲು ಕೂರಬೇಡಿ. ಅದೇ ಫೈಲು ಹಿಡಿದು ಅದೇ ಒಪಿಡಿಗೆ, ಎರಡು ದಿನದೊಳಗೆ. ಚಿಕ್ಕಪ್ಪ ಎರಡನೇ ವರ್ಷದ ದೀಪಾವಳಿಯಲ್ಲಿ ಜಾರಿದರು. ಮಂಗಳವಾರ ಬೆಳಿಗ್ಗೆ ಚಿಕ್ಕಮ್ಮ ಕ್ಯಾಲೆಂಡರ್ ಪಕ್ಕದ ಮೊಳೆಯಿಂದ ಪ್ಲಾಸ್ಟಿಕ್ ಕವರಿನ ಫೈಲು ತೆಗೆದು ಜಗುಲಿ ಮೇಲಿಟ್ಟರು. ಏಳೂ ಇಪ್ಪತ್ತರ ಬಸ್ಸಿಗೆ ಇಬ್ಬರೂ ಹೋದರು.